ಮಳೆಯಲ್ಲಿ ತೆರೆಯದ ಚಾಕು

ಪುನರ್ವಸು ಮಳೆ ಆ ದಿನ ಮಧ್ಯಾಹ್ನ ಎರಡು ತಾಸು ಬಿಡುವು ಕೊಟ್ಟಿತ್ತು. ಅಡಿಕೆಗೆ ಎರಡನೆಯ ಸುತ್ತಿನ ಔಷಧಿ ಹೊಡೆಯಲು, ಅಡಿಕೆ ಮರ ಹತ್ತುವ ಕೆಲಸದ ಕೊನೆಗೌಡ ಬಂದು ನಿಂತಿದ್ದ. ಒಂದು ಡ್ರಮ್ಮಿನಲ್ಲಿ 50 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ ಎಂಬ ತಾಮ್ರದ ಲವಣ, ಇನ್ನೊಂದರಲ್ಲಿ 50 ಲೀಟರ್ ನೀರಿಗೆ 1 ಕಿಲೋ ಸುಣ್ಣ. ಎರಡನ್ನೂ ಬೆರೆಸಿ ಆಕಾಶದ ಬಣ್ಣದ ಬೋರ್ಡೋ ದ್ರಾವಣ ಮಾಡಿದೆವು. ಇನ್ನು ಹದ ನೋಡಬೇಕು. ಹೊಳೆಯುವ ಕಬ್ಬಿಣದ ಅಲಗನ್ನು ಒಂದು ನಿಮಿಷ ಅದ್ದಿ ತೆಗೆದಾಗ ಅದು ಕೆಂಪಾಗಿದ್ದರೆ ತಾಮ್ರ ಬಂದು ಕೂತಿದೆ, ಸುಣ್ಣ ಸಾಲದು ಎಂದು ಲೆಕ್ಕ. ಹಾಗೆಯೇ ಹೊಡೆದರೆ ಎಳೆಯ ಕಾಯಿ ಸುಟ್ಟುಹೋಗುತ್ತದೆ.

ನಾನು ಕಿಸೆಯಿಂದ ಮಡಚುವ ಚಾಕುವನ್ನು ತೆಗೆದೆ. ಅದು ತೆರೆಯಲಿಲ್ಲ.

ಅಲಗಿನ ಗೀರಿಗೆ ಉಗುರು ಸಿಕ್ಕಿಸಿ ಎಳೆದೆ. ಉಗುರು ಬಾಗಿತೇ ಹೊರತು ಅಲಗು ಕದಲಲಿಲ್ಲ. ಬೆಳಗಿನಿಂದ ಒದ್ದೆ ಪಂಚೆಯ ಮಡಿಕೆಯಲ್ಲೂ ಒದ್ದೆ ಕಿಸೆಯಲ್ಲೂ ಇದ್ದು ಹಿಡಿಯ ಮರ ನೀರು ಕುಡಿದು ಉಬ್ಬಿತ್ತು. ಅಲಗನ್ನು ಎರಡೂ ಕಡೆಯಿಂದ ಅಮುಕಿ ಹಿಡಿದುಕೊಂಡಿತ್ತು. ಕೊನೆಗೌಡ ಒಂದು ಮಾತೂ ಆಡದೆ ಸೊಂಟದ ಹಿಂದಿನ ಕೊಕ್ಕೆಯಿಂದ ತನ್ನ ಕತ್ತಿಯನ್ನು ತೆಗೆದು ಡ್ರಮ್ಮಿಗೆ ಅದ್ದಿದ. ಅಲಗು ಕೆಂಪಾಗಿತ್ತು. ಇನ್ನೆರಡು ಮಗ್ಗೆ ಸುಣ್ಣದ ನೀರು ಸೇರಿಸಿದೆವು. ಕೆಲಸ ನಡೆಯಿತು, ಆದರೆ ನನ್ನ ಮನಸ್ಸು ಸಂಜೆಯವರೆಗೂ ಕಿಸೆಯಲ್ಲೇ ಇತ್ತು.

ಆ ಚಾಕುವನ್ನು ತಂಗಿಯ ಮಗ ಫ್ರಾನ್ಸಿನಿಂದ ತಂದುಕೊಟ್ಟಿದ್ದ. ವಿಮಾನದಲ್ಲಿ ಕೈಚೀಲದಲ್ಲಿ ಒಯ್ಯಲು ಬಿಡುವುದಿಲ್ಲವೆಂದು ದೊಡ್ಡ ಪೆಟ್ಟಿಗೆಯಲ್ಲಿ ಬಟ್ಟೆಗಳ ನಡುವೆ ಸುತ್ತಿ ತಂದಿದ್ದ. ಒಪಿನೆಲ್, 8ನೆಯ ನಂಬರು. ಆಲ್ಪ್ಸ್ ಪರ್ವತದ ಸವೋಯ್ ಸೀಮೆಯಲ್ಲಿ ಜೋಸೆಫ್ ಒಪಿನೆಲ್ ಎಂಬ ಕಮ್ಮಾರರ ಮನೆಯ ಹುಡುಗ 1890ರಲ್ಲಿ ರೈತರಿಗಾಗಿ ರೂಪಿಸಿದ ಚಾಕು ಇದು. ಬೀಚ್ ಮರದ ಹಿಡಿ, ಎಂಟೂವರೆ ಸೆಂಟಿಮೀಟರ್ ಅಲಗು, ಕತ್ತಿನಲ್ಲಿ ತಿರುಗುವ ಒಂದು ಉಕ್ಕಿನ ಬಳೆ. ಬಳೆಯನ್ನು ತಿರುಗಿಸಿದರೆ ಅಲಗು ಬೆರಳ ಮೇಲೆ ಮಡಚಿಕೊಳ್ಳುವುದಿಲ್ಲ. ಇದನ್ನು ಸೇರಿಸಿದ್ದು 1955ರಲ್ಲಿ. ಅಲಗಿನ ಮೇಲೆ ಕಿರೀಟ ಹೊತ್ತ ಒಂದು ಕೈಯ ಮುದ್ರೆ ಇದೆ. ತುಕ್ಕು ಹಿಡಿಯದ ಸ್ಟೇನ್‌ಲೆಸ್ ಅಲಗಿನದೂ ಸಿಗುತ್ತದೆ. ನಾನೇ ಬೇಡವೆಂದು ಹೇಳಿ ಕಾರ್ಬನ್ ಉಕ್ಕಿನದನ್ನು ತರಿಸಿಕೊಂಡಿದ್ದೆ. ಅಪ್ಪನ ಕವಳದ, ಎಂದರೆ ಎಲೆಯಡಿಕೆಯ, ಸಂಚಿಯಲ್ಲಿ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಆಚಾರಿ ಬಡಿದುಕೊಟ್ಟ ಒಂದು ಸಣ್ಣ ಕತ್ತಿ ಇರುತ್ತಿತ್ತು. ಮಸೆಗಲ್ಲಿಗೆ ನಾಲ್ಕು ಸಲ ಎಳೆದರೆ ಸಾಕು, ಹರಿತವಾಗುತ್ತಿತ್ತು. ಆ ಉಕ್ಕಿನ ಗುಣ ನನಗೆ ಗೊತ್ತು, ಅದರ ಮೇಲೆ ನನಗೆ ಪ್ರೀತಿ.

ಮರುದಿನ ಮಳೆ ಬಿಡಲೇ ಇಲ್ಲ. ಕರೆಂಟೂ ಇರಲಿಲ್ಲ. ತೋಟಕ್ಕೆ ಇಳಿಯುವಂತಿರಲಿಲ್ಲವಾದ್ದರಿಂದ ಜಗುಲಿಯಲ್ಲಿ ಚಾಪೆ ಹಾಸಿ ಚಾಕುವನ್ನು ಮುಂದಿಟ್ಟುಕೊಂಡು ಕೂತೆ.

ಮೊದಲು ತೆರೆಯಬೇಕಲ್ಲ. ತಂಗಿಯ ಮಗನಿಗೆ ಹಿಂದಿನ ರಾತ್ರಿಯೇ ಫೋನು ಮಾಡಿದ್ದೆ. ಸವೋಯ್‌ನವರು ಹಿಡಿಯ ಹಿಂಬದಿಯನ್ನು ಗಟ್ಟಿ ಜಾಗಕ್ಕೆ ಕುಟ್ಟುತ್ತಾರಂತೆ. ಅಲಗಿನ ತುದಿ ತಾನಾಗಿ ಮೇಲೇಳುತ್ತದೆ ಎಂದ. ಬಳೆಯನ್ನು ಸಡಿಲಿಸಿ ಜಗುಲಿಯ ಕಲ್ಲಿಗೆ ಕುಟ್ಟಿದೆ. ಮೂರನೆಯ ಪೆಟ್ಟಿಗೆ ತುದಿ ಕಾಣಿಸಿತು. ಚಾಕುವನ್ನು ಪೂರ್ತಿ ತೆರೆದು ಬಚ್ಚಲ ಒಲೆಯ ಪಕ್ಕದ ಗೂಡಿನಲ್ಲಿ, ಬಿಸಿ ನೇರವಾಗಿ ತಾಗದಂತೆ, ಮಧ್ಯಾಹ್ನದವರೆಗೆ ಇಟ್ಟೆ. ಅವಸರಪಟ್ಟು ಬೆಂಕಿಗೆ ಹಿಡಿದರೆ ಮರ ಸೀಳುತ್ತದೆ.

ಒಣಗಿದ ಮೇಲೆ ಹಿಡಿಯ ಸೀಳಿನ ಒಳಗೋಡೆಯನ್ನು ಉಜ್ಜಿದೆ. ಅಡಿಕೆ ಹಾಳೆಯ ತೆಳು ಪಟ್ಟಿಗೆ 120 ನಂಬರಿನ ಮರಳು ಕಾಗದವನ್ನು ಸುತ್ತಿಕೊಂಡರೆ ಆ ಸೀಳಿಗೆ ಅಳತೆ ತೆಗೆದು ಮಾಡಿದಂತೆ ಕೂರುತ್ತದೆ. ಹಾಳೆ ಬಾಗುತ್ತದೆ, ಮುರಿಯುವುದಿಲ್ಲ. ಅಲಗು ತಿರುಗುವ ಕೀಲಿನ ಹತ್ತಿರ ಮಾತ್ರ, ಎರಡೂ ಬದಿಗೆ ಎಣಿಸಿ ಹತ್ತತ್ತು ಸಲ, ನಡುವೆ ಮಡಚಿ ತೆರೆದು ನೋಡುತ್ತ. ಹೆಚ್ಚು ಉಜ್ಜಿದರೆ ಬೇಸಿಗೆಯಲ್ಲಿ ಮರ ಕುಗ್ಗಿದಾಗ ಅಲಗು ಅಲ್ಲಾಡತೊಡಗುತ್ತದೆ. ನಮ್ಮ ಹೆಬ್ಬಾಗಿಲನ್ನು ಒಂದು ಆಷಾಢದಲ್ಲಿ ಮುಚ್ಚುವುದಿಲ್ಲವೆಂದು ಹತ್ತರಿ ಹೊಡೆಸಿ, ಚೈತ್ರದಲ್ಲಿ ಅದರ ಸಂದಿನಿಂದ ಅಂಗಳ ಕಾಣುವಂತಾದದ್ದು ನನಗೆ ನೆನಪಿತ್ತು.

ಆಮೇಲೆ ಉಗುರಿನ ಸಮಸ್ಯೆ. ಒದ್ದೆ ಕೈಗೆ, ಸುಣ್ಣ ತಾಗಿದ ಬೆರಳಿಗೆ ಆ ಸಣ್ಣ ಗೀರು ಸಿಗುವುದೇ ಇಲ್ಲ. ಇಲಿಬಾಲದಂಥ ಸಣ್ಣ ದುಂಡು ಅರದಿಂದ ಹಿಡಿಯ ಎರಡೂ ಪಕ್ಕೆಗೆ ಅರ್ಧಚಂದ್ರದ ಆಕಾರದ ಒಂದು ಕಚ್ಚು ಹಾಕಿದೆ. ಈಗ ಮಡಚಿದಾಗಲೂ ಅಲಗಿನ ಬೆನ್ನು ಅಲ್ಲಿ ಬಯಲಾಗಿ ಕಾಣುತ್ತದೆ. ಹೆಬ್ಬೆರಳು ತೋರುಬೆರಳಿನಲ್ಲಿ ಚಿಮುಟಿ ಎಳೆದರೆ ಬಂತು. ಕಚ್ಚು ಎಲ್ಲಿರಬೇಕು ಎಂದು ಪೆನ್ಸಿಲ್ಲಿನಲ್ಲಿ ಮೂರು ಸಲ ಗುರುತು ಹಾಕಿ ಅಳಿಸಿದ್ದೆ. ಬಳೆಗೆ ತೀರಾ ಹತ್ತಿರವಾದರೆ ಎಳೆಯಲು ಬಲ ಸಾಲದು, ತೀರಾ ಆಳವಾದರೆ ಹರಿತವಾದ ಅಂಚು ಹೊರಬಿದ್ದು ಕಿಸೆ ಹರಿಯುತ್ತದೆ. ಅಂಚು ಮರದೊಳಗೇ ಉಳಿದಿದೆಯೇ ಎಂದು ಪ್ರತಿ ನಾಲ್ಕು ಎಳೆತಕ್ಕೊಮ್ಮೆ ಬಾಗಿಲ ಬೆಳಕಿಗೆ ಹಿಡಿದು ನೋಡಿದೆ. ಈ ಒಂದು ಕಚ್ಚಿಗೆ ಒಂದೂವರೆ ತಾಸು ಹಿಡಿಯಿತು. ಹಿಡಿಯ ತುದಿಯಲ್ಲಿ ಕಾಯಿಸಿದ ಮೊಳೆಯಿಂದ ತೂತು ಮಾಡಿ ಕೆಂಪು ದಾರ ಕಟ್ಟಿದೆ. ತೋಟದ ದರಕಿನಲ್ಲಿ, ಒಣಗಿದ ಎಲೆಗಳ ನಡುವೆ, ಬಿದ್ದ ಕಂದು ಹಿಡಿಯನ್ನು ಹುಡುಕುವುದು ಬಹಳ ಕಷ್ಟ.

ಮರಕ್ಕೆ ಎಣ್ಣೆ ಯಾವುದು ಎಂಬುದರಲ್ಲಿ ನನಗೆ ಸಂದೇಹ ಇರಲಿಲ್ಲ. ಮನೆಯಲ್ಲಿ ತೆಂಗಿನೆಣ್ಣೆ ಬೇಕಾದಷ್ಟಿದೆ, ಆದರೆ ಅದು ಒಣಗುವ ಎಣ್ಣೆಯಲ್ಲ, ಮರದಲ್ಲಿ ಜಿಡ್ಡಾಗಿಯೇ ಉಳಿಯುತ್ತದೆ. ಅಗಸೆ ಎಣ್ಣೆ ಗಾಳಿಗೆ ಗಟ್ಟಿಯಾಗಿ ಮರದ ರಂಧ್ರಗಳಲ್ಲಿ ಕೂರುತ್ತದೆ, ನೀರು ಬೇಗ ಇಳಿಯಲು ಬಿಡುವುದಿಲ್ಲ. ಶಿರಸಿ ಪೇಟೆಯಿಂದ ತಂದಿಟ್ಟದ್ದನ್ನು ಬೆಚ್ಚಗೆ ಮಾಡಿ ಸೀಳಿನೊಳಗೆ ಹನಿಹನಿಯಾಗಿ ಬಿಟ್ಟು, ಹೊರಗೂ ತಿಕ್ಕಿದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಅಗಸೆ ಎಣ್ಣೆಯ ಬಟ್ಟೆ ಒಣಗುತ್ತ ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳುವುದುಂಟು. ಅದನ್ನು ನೀರಿನ ಬಕೆಟ್ಟಿಗೆ ಹಾಕಿದೆ.

ಇನ್ನು ಅಲಗು. ನಮ್ಮ ಹವೆಯಲ್ಲಿ ಬರಿಯ ಉಕ್ಕು ಒಂದು ರಾತ್ರಿಯಲ್ಲಿ ಕೆಂಪಾಗುತ್ತದೆ. ಆದರೆ ಬಾಳೆಕಾಯಿ ಹೆಚ್ಚಿದ ಈಳಿಗೆ ಕಪ್ಪಾಗುವುದನ್ನು ಯಾವ ಅಡುಗೆಮನೆಯಲ್ಲಿ ನೋಡಿಲ್ಲ? ಕಾಯಿಯ ಒಗರು ಕಬ್ಬಿಣದೊಂದಿಗೆ ಕೂಡಿ ಆ ಕಪ್ಪಾಗುತ್ತದೆ. ಹಿಂದೆ ಅಳಲೆಕಾಯಿಗೆ ಅನ್ನಭೇದಿ ಎಂಬ ಕಬ್ಬಿಣದ ಲವಣ ಸೇರಿಸಿ ಶಾಯಿ ಮಾಡುತ್ತಿದ್ದದ್ದೂ ಇದೇ ಗುಣದಿಂದ. ಒಗರು ಎಂದ ಮೇಲೆ ಅಡಿಕೆ ಬೆಳೆಗಾರನ ಮನೆಯಲ್ಲಿ ಚೊಗರಿಗಿಂತ ಬೇರೆ ಬೇಕೇ? ಕೆಂಪಡಿಕೆ ಬೇಯಿಸಿ ಉಳಿದ ಒಗರು ನೀರು, ಅದೇ ಚೊಗರು, ಮುಂದಿನ ಸುಗ್ಗಿಗೆಂದು ಅಟ್ಟದ ಮೇಲಿನ ಕೊಡದಲ್ಲಿತ್ತು. ಅಲಗನ್ನು ಸೀಗೆಪುಡಿಯಿಂದ ತಿಕ್ಕಿ ಜಿಡ್ಡು ತೆಗೆದೆ. ಮುರುಗಲು ಸಿಪ್ಪೆ ಕುದಿಸಿದ ಹುಳಿನೀರಿನಲ್ಲಿ ಕಾಲು ತಾಸು ಅದ್ದಿದಾಗ ಹೊಳಪು ಹೋಗಿ ಬೂದಿಯ ಬಣ್ಣ ಬಂತು. ತೊಳೆದು, ಚೊಗರಿಗೆ ಇಳಿಸಿದೆ. ಲೋಟದೊಳಗೆ ಅಲಗಿನ ಸುತ್ತ ನೇರಳೆ ಬಣ್ಣದ ಹೊಗೆ ಎದ್ದಂತೆ ಕಂಡಿತು. ಮೂರು ಸಲ ಅದ್ದಿ, ಮೂರು ಸಲ ತೊಳೆದು ಒಣಗಿಸಿದ ಮೇಲೆ ಅಲಗು ಮಳೆಗಾಲದ ಮೋಡದ ಬಣ್ಣಕ್ಕೆ ತಿರುಗಿತು. ಕೈಯ ಮುದ್ರೆ ಅದರೊಳಗಿಂದ ಇನ್ನೂ ಸ್ಪಷ್ಟವಾಗಿ ಕಂಡಿತು. ಈ ಕಪ್ಪು ತುಕ್ಕನ್ನು ಪೂರ್ತಿ ತಡೆಯುವುದಿಲ್ಲ, ನಿಧಾನಗೊಳಿಸುತ್ತದೆ. ಒರೆಸಿ, ಒಂದು ಹನಿ ತೆಂಗಿನೆಣ್ಣೆ ಸವರುವ ಕೆಲಸ ದಿನವೂ ಇದ್ದದ್ದೇ.

ಕೊನೆಗೆ ಬಾವಿಕಟ್ಟೆಯ ಮಸೆಗಲ್ಲಿಗೆ ನೀರು ಹಾಕಿ ಅಂಚನ್ನು ಮಸೆದೆ. ಕಪ್ಪು ಅಲಗಿನ ತುದಿಯುದ್ದಕ್ಕೂ ಬೆಳ್ಳಿಯ ಒಂದು ಎಳೆ ಮೂಡಿತು. ದೀಪ ಹಚ್ಚುವ ಹೊತ್ತಾಗಿತ್ತು. ಚಾಕುವನ್ನು ದಾರದಿಂದ ಅಡುಗೆ ಒಲೆಯ ಮೇಲಿನ ಅಟ್ಟಕ್ಕೆ ತೂಗುಹಾಕಿದೆ. ಎಣ್ಣೆ ಗಟ್ಟಿಯಾಗಲು ಒಂದು ವಾರ ಅಲ್ಲೇ ಇತ್ತು.

ಕೆಳಗಿನ ತೋಟದ ಮರಗಳು ಬಾಕಿ ಇದ್ದವು. ಮತ್ತೆ ಬಿಡುವು ಸಿಕ್ಕಿದ ದಿನ ಹದ ನೋಡಲೆಂದು ಮುರಿದ ಕುಡಗೋಲಿನ ಒಂದು ತುಂಡನ್ನು ತಿಕ್ಕಿ ಡ್ರಮ್ಮಿನ ಪಕ್ಕದಲ್ಲಿ ಇಟ್ಟಿದ್ದೆ. ಹಣ್ಣು ಕೊಯ್ಯುವ ಚಾಕುವನ್ನು ಮೈಲುತುತ್ತಕ್ಕೆ ಅದ್ದುವುದು ಸರಿಯಲ್ಲವೆಂದು ಅಷ್ಟರಲ್ಲಿ ನಿಶ್ಚಯಿಸಿಕೊಂಡಿದ್ದೆ. ಸುಣ್ಣದ ಚೀಲದ ಹೊಲಿಗೆ ಬಿಚ್ಚುವಾಗ ತುಂತುರು ಬೀಳುತ್ತಿತ್ತು. ಕಿಸೆಯಿಂದ ತೆಗೆದು ಅರ್ಧಚಂದ್ರದಲ್ಲಿ ಬೆರಳಿಟ್ಟು ಎಳೆದೆ. ಅಲಗು ಸದ್ದಿಲ್ಲದೆ ಬಂತು. ಬಳೆ ತಿರುಗಿಸಿ ದಾರ ಕೊಯ್ದೆ.

ಕೊನೆಗೌಡ ನೋಡುತ್ತಿದ್ದ. ಮರ ಇಳಿದು ಕೈ ತೊಳೆದುಕೊಂಡು ಕವಳ ಹಾಕಲು ಕೂತಾಗ ಚಾಕುವಿಗಾಗಿ ಕೈ ಚಾಚಿದ. ತೆರೆದ, ಅಡಿಕೆ ಹೋಳು ಮಾಡಿದ, ಪಂಚೆಗೆ ಒರೆಸಿ ಮಡಚಿದ, ಮತ್ತೊಮ್ಮೆ ತೆರೆದ. ಕಚ್ಚಿನ ಒಳಗೆ ಹೆಬ್ಬೆರಳನ್ನು ಆಡಿಸಿ ನೋಡಿದ. ಆಮೇಲೆ ತನ್ನ ಸಂಚಿಯ ತಳದಿಂದ ತುಕ್ಕು ಹಿಡಿದ, ಮರದ ಹಿಡಿಯ ಒಂದು ಹಳೆಯ ಮಡಚು ಚಾಕುವನ್ನು ತೆಗೆದು ನನ್ನ ಮುಂದಿಟ್ಟು, “ಇದಕ್ಕೂ ಹೀಗೊಂದು ಕಚ್ಚು ಹಾಕಿಕೊಡಿ” ಎಂದ.