ಮನೆಯೊಳಗಿನ ಮಾತು ಮನೆಯೊಳಗೇ

ಧಾರವಾಡದ ಮಾಳಮಡ್ಡಿಯಲ್ಲಿ ಬೆಳಿಗ್ಗೆಯಿಂದ ಇಂಟರ್ನೆಟ್ ಇಲ್ಲ. ಆದರೂ ಅಪ್ಪ ತಮ್ಮ ಮೊಬೈಲಿನಲ್ಲಿ ಉಳಿಸಿಟ್ಟ ವಚನಗಾಯನವನ್ನು ಪಡಸಾಲೆಯ ಟಿವಿಯಲ್ಲಿ ಹಾಕಿ ಕೇಳುತ್ತಿದ್ದಾರೆ. "ಸಂಪರ್ಕವೇ ಇಲ್ಲವೆಂದೆಯಲ್ಲ, ಇದು ಹೇಗೆ ಬಂತು?" ಎಂದರು. ಎಷ್ಟು ಒಳ್ಳೆಯ ಪ್ರಶ್ನೆ!

ಹೊರಗಿನ ತಂತಿ ಕಡಿದರೂ ಮನೆಯ ವೈಫೈ ಪೆಟ್ಟಿಗೆಯಾದ ರೂಟರ್‌ಗೆ ವಿದ್ಯುತ್ ಇದ್ದರೆ ಸಾಕು, ಮನೆಯೊಳಗಿನ ಜಾಲ ಜೀವಂತ. ಪ್ರತಿ ಸಾಧನಕ್ಕೂ 192.168.1.5ರಂಥ ಒಂದು ವಿಳಾಸ ಕೊಡುವುದು ರೂಟರ್‌. ಟಿವಿ ಎಲ್ಲಿದೆ ಎಂದು ಮೊಬೈಲಿಗೆ ಮೊದಲೇ ಗೊತ್ತಿರುವುದಿಲ್ಲ. ಅದು 239.255.255.250 ಎಂಬ ಸಾಮೂಹಿಕ ವಿಳಾಸಕ್ಕೆ, 1900ನೆಯ ಪೋರ್ಟಿಗೆ (ಆ ವಿಳಾಸದ ಒಂದು ಬಾಗಿಲು ಎನ್ನಿ), "ಹಾಡು ನುಡಿಸಬಲ್ಲವರು ಯಾರಿದ್ದೀರಿ?" ಎಂದು ಕೂಗು ಹಾಕುತ್ತದೆ. ಓಣಿಯಲ್ಲಿ ನಿಂತು ಕರೆದಂತೆ. ಟಿವಿ ಮಾತ್ರ ಓಗೊಟ್ಟು ತನ್ನ ಗುರುತು ಹೇಳುತ್ತದೆ. ಆಮೇಲೆ ಹಾಡು ಈ ಕೋಣೆಯಿಂದ ಆ ಕೋಣೆಗೆ, ಅಷ್ಟೇ ದೂರ.

ನಮ್ಮದು ಹಳೆಯ ಮಣ್ಣಿನ ಗೋಡೆಯ ಮನೆ. ವೈಫೈನ 5 ಗಿಗಾಹರ್ಟ್ಸ್ ಅಲೆ ಅಡುಗೆಮನೆ ತಲುಪುವಷ್ಟರಲ್ಲಿ ಸೋತುಹೋಗುತ್ತದೆ, ನಿಧಾನವಾದರೂ 2.4 ಗಿಗಾಹರ್ಟ್ಸ್ ಗೋಡೆ ದಾಟುತ್ತದೆ.

ಆದರೆ ನಡುಮನೆಯ ಸ್ಮಾರ್ಟ್ ಬಲ್ಬು ಬೆಳಿಗ್ಗೆಯಿಂದ ಆ್ಯಪ್‌ನ ಮಾತು ಕೇಳುತ್ತಿಲ್ಲ. ಅದಕ್ಕೆ ಅಪ್ಪಣೆ ಎಲ್ಲೋ ದೂರದ ಕಂಪನಿಯ ಕಂಪ್ಯೂಟರ್, ಅಂದರೆ ಸರ್ವರ್ ಸುತ್ತಿ ಬರಬೇಕು. ಕೈಗೆಟಕುವ ದೀಪಕ್ಕೆ ಇಷ್ಟು ಸುತ್ತೇಕೆ? ಇದು ನನಗೆ ಒಪ್ಪಿಗೆಯಿಲ್ಲ. 2022ರಲ್ಲಿ ಬಂದ 'ಮ್ಯಾಟರ್' ಎಂಬ ಮಾನದಂಡ ಸಾಧನಗಳು ಮನೆಯ ಜಾಲದಲ್ಲೇ ನೇರವಾಗಿ ಮಾತಾಡಿಕೊಳ್ಳಲು ದಾರಿ ಮಾಡಿದೆ. ಮುಂದಿನ ಬಲ್ಬು ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಅದರ ಗುರುತು ಹುಡುಕುತ್ತೇನೆ. ಅಪ್ಪನಿಗೂ ಹೇಳಿದ್ದೇನೆ.