ಒಂದನೇ ನಂಬರಿಗಾಗಿ ನಡುರಾತ್ರಿ ಕ್ಯೂ

ಚಿಕ್ಕವನಿದ್ದಾಗ ನಾನು ಓದಿದ ಯಾವ ಸೂಪರ್‌ಹೀರೋ ಕಥೆಯೂ ಮೊದಲಿನಿಂದ ಶುರುವಾಗುತ್ತಿರಲಿಲ್ಲ. ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಹಳೇ ಪುಸ್ತಕದ ರಾಶಿಯಿಂದ ಅಪ್ಪ ಆರಿಸಿ ಕೊಡಿಸುತ್ತಿದ್ದ ಕಾಮಿಕ್ಸ್ ಅವು. ರಟ್ಟು ಹರಿದಿರುತ್ತಿತ್ತು, ಕೊನೇ ಪುಟ ಇರುತ್ತಿರಲಿಲ್ಲ, ಕಥೆ ಶುರುವಾಗುವಾಗಲೇ ಅರ್ಧ ಜಗಳ ಮುಗಿದಿರುತ್ತಿತ್ತು. ಹಿಂದೆ ಏನಾಗಿತ್ತು, ಮುಂದೆ ಏನಾಯ್ತು ಅಂತ ನಾನೂ ಅಕ್ಕನೂ ಜಗಲಿ ಮೇಲೆ ಕೂತು ಕಟ್ಟಿಕೊಳ್ಳುತ್ತಿದ್ದೆವು. ಆಮೇಲೆ ಗೋತಮ್ ಕಾಮಿಕ್ಸ್‌ನವರು ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್ ತರೋ ಅಮೆರಿಕದ ಡೀಸಿ ಕಂಪನಿಯ ಕಥೆಗಳನ್ನು ನಮ್ಮ ದೇಶದಲ್ಲೇ ಅಚ್ಚು ಹಾಕಿ ಮಾರೋಕೆ ಶುರು ಮಾಡಿದಾಗ ಹೊಸ ಪುಸ್ತಕವೇನೋ ಕೈಗೆ ಬಂತು, ಕಥೆ ಮಾತ್ರ ಮತ್ತೆ ನಡುವಿನದೇ.

ಹಾಗಾಗಿ 2011ರಲ್ಲಿ ಡೀಸಿಯವರು ಎಲ್ಲವನ್ನೂ ಅಳಿಸಿ 52 ಕಾಮಿಕ್ಸ್‌ಗಳನ್ನು ಮತ್ತೆ ಒಂದನೇ ನಂಬರಿನಿಂದ ತರುತ್ತಾರೆ, ಮೊದಲು ಬರೋದು ಅವರ ದೊಡ್ಡ ಹೀರೋಗಳೆಲ್ಲ ತಂಡ ಕಟ್ಟೋ ಕಥೆ 'ಜಸ್ಟೀಸ್ ಲೀಗ್' ಅಂತ ಗೊತ್ತಾದಾಗ ನನಗೆ ತಡೆಯೋಕಾಗಲಿಲ್ಲ. ಆಗ ನಾನು ನ್ಯೂಯಾರ್ಕಿಗೆ ನದಿಯಾಚೆಯ ಜರ್ಸಿ ಸಿಟಿಯಲ್ಲಿದ್ದೆ, ಕಂಪನಿ ಕಳಿಸಿದ್ದ ಪ್ರಾಜೆಕ್ಟಿನ ಮೇಲೆ. ಅಮೆರಿಕದಲ್ಲಿ ಹೊಸ ಕಾಮಿಕ್ಸ್ ಬರೋದು ಬುಧವಾರ. ಆದರೆ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ ಹತ್ತಿರದ ಮಿಡ್‌ಟೌನ್ ಕಾಮಿಕ್ಸ್ ಅಂಗಡಿಯಲ್ಲಿ ಬುಧವಾರ ಬೆಳಗಾಗುವ ತನಕ ಕಾಯೋದು ಬೇಡ, ಆಗಸ್ಟ್ 30ರ ರಾತ್ರಿ ಹನ್ನೆರಡು ಹೊಡೆದ ಕೂಡಲೇ ಮಾರಾಟ. ಬರೆದ ಜೆಫ್ ಜಾನ್ಸ್, ಚಿತ್ರ ಬರೆದ ಜಿಮ್ ಲೀ ಇಬ್ಬರೂ ಬರುತ್ತಾರಂತೆ.

ರೂಮ್‌ಮೇಟ್ ಮೈಸೂರಿನವನು. "ಲೋ, ಎರಡು ದಿನದ ಹಿಂದೆ ಚಂಡಮಾರುತ ಬಂದು ಹೋಗಿದೆ, ನೀನು ನಡುರಾತ್ರೀಲಿ ಬೊಂಬೆ ಪುಸ್ತಕ ತರೋಕೆ ಹೋಗ್ತೀಯಾ?" ಅಂದ. ಅವನು ಹೇಳಿದ್ದು ಐರೀನ್ ಚಂಡಮಾರುತ. ಆ ಭಾನುವಾರ ಅದು ನ್ಯೂಯಾರ್ಕ್ ದಾಟಿ ಹೋಗಿತ್ತು, ಸಬ್‌ವೇಯನ್ನೇ ಪೂರ್ತಿ ನಿಲ್ಲಿಸಿದ್ದರು. ನಮ್ಮ ಕಟ್ಟಡದ ಬೇಸ್‌ಮೆಂಟಿನಲ್ಲಿ ನಿಂತ ನೀರು ಇನ್ನೂ ಇಳಿದಿರಲಿಲ್ಲ. ಬಟ್ಟೆ ಒಗೆಯೋ ಮಷೀನುಗಳು ಅಲ್ಲೇ ಇದ್ದದ್ದು, ಹಾಗಾಗಿ ನಾನು ಹಾಕಿಕೊಂಡು ಹೋದದ್ದು ಮೂರನೇ ದಿನದ ಶರ್ಟು. ಕ್ಯೂನಲ್ಲಿ ಯಾರೂ ಮೂಗು ಮುಚ್ಚಲಿಲ್ಲ ಬಿಡಿ.

ಪಾಥ್ ರೈಲಿನಲ್ಲಿ 33ನೇ ಬೀದಿ ತನಕ ಹೋಗಿ ಅಲ್ಲಿಂದ ನಡೆದೆ. ಅಂಗಡಿ ಇರೋದು ಮಹಡಿ ಮೇಲೆ, ಜನ ಕೆಳಗೆ ಫುಟ್‌ಪಾತಿನಲ್ಲಿ ಸಾಲುಗಟ್ಟಿದ್ದರು. ಬ್ಯಾಟ್‌ಮ್ಯಾನ್ ಟೀಶರ್ಟಿನ ಹುಡುಗರು ಇರುತ್ತಾರೆ ಅಂದುಕೊಂಡಿದ್ದೆ, ಇದ್ದರು, ಆದರೆ ನನ್ನ ಮುಂದೆ ನಿಂತಿದ್ದವರು ಐವತ್ತೈದು ದಾಟಿದ ಒಬ್ಬ ಹಿರಿಯರು. ಕ್ವೀನ್ಸ್‌ನಿಂದ ಬಂದಿದ್ದರು. ಖುಷಿಯಲ್ಲಿದ್ದಾರೆ ಅಂತ ಮಾತಿಗೆಳೆದೆ, ನೋಡಿದರೆ ಮನುಷ್ಯ ಸಿಟ್ಟಿನಲ್ಲಿದ್ದರು.

ಅವರ ಸಂಕಟ ಇದು. ಬ್ಯಾಟ್‌ಮ್ಯಾನ್ ಹುಟ್ಟಿದ 'ಡಿಟೆಕ್ಟಿವ್ ಕಾಮಿಕ್ಸ್' 1937ರಿಂದ ಬರುತ್ತಿತ್ತು, 881ನೇ ಸಂಚಿಕೆಗೆ ನಿಲ್ಲಿಸಿದರು. ಸೂಪರ್‌ಮ್ಯಾನ್ ಹುಟ್ಟಿದ 'ಆ್ಯಕ್ಷನ್ ಕಾಮಿಕ್ಸ್' 1938ರಿಂದ ನಡೆದು 904ಕ್ಕೆ ನಿಂತಿತು. "ಸಾವಿರ ಮುಟ್ಟೋದನ್ನ ನೋಡಬೇಕು ಅಂತಿದ್ದೆ" ಅಂದರು. ಈಗ ಎರಡೂ ಮತ್ತೆ ಒಂದರಿಂದ. ಸೂಪರ್‌ಮ್ಯಾನ್‌ಗೂ ಲೋಯಿಸ್‌ಗೂ ಆಗಿದ್ದ ಮದುವೆಯೇ ಆಗಿಲ್ಲ ಅಂತಾಯ್ತು. ಇದಕ್ಕೆಲ್ಲ ಕಥೆಯೊಳಗಿನ ಕಾರಣ, ಮಿಂಚಿನ ವೇಗದಲ್ಲಿ ಓಡೋ ಹೀರೋ ಫ್ಲ್ಯಾಶ್ ತನ್ನ ಅಮ್ಮನನ್ನು ಉಳಿಸೋಕೆ ಕಾಲದಲ್ಲಿ ಹಿಂದೆ ಓಡಿದ, ಜಗತ್ತು ಬದಲಾಯ್ತು. ಆ ಕಥೆಯ ಕೊನೇ ಭಾಗ, 'ಫ್ಲ್ಯಾಶ್‌ಪಾಯಿಂಟ್' ಐದನೆಯದು, ಅವತ್ತೇ ಮಾರಾಟಕ್ಕಿತ್ತು. ನಿಜವಾದ ಕಾರಣ, ಮಾರಾಟ ಬಿದ್ದುಹೋಗಿತ್ತು. ಎಪ್ಪತ್ತು ವರ್ಷದ ಕಥೆಯ ನಡುವೆ ಹೊಸಬ ಎಲ್ಲಿಂದ ಹತ್ತಬೇಕು ಹೇಳಿ? ಪುಸ್ತಕ ಬಂದ ದಿನವೇ ಟ್ಯಾಬ್ಲೆಟ್ಟಿನಲ್ಲೂ ಓದಬಹುದು ಅಂತ ಬೇರೆ ಮಾಡಿದ್ದರು. ಆ ಹಿರಿಯರಿಗೆ ಅದೂ ಸಿಟ್ಟು.

ಅವರು ಹೇಳಿದ್ದರಲ್ಲಿ ನನಗೂ ಚುಚ್ಚಿದ್ದು ಒಂದೇ. ಸೂಪರ್‌ಮ್ಯಾನ್‌ನ ಕೆಂಪು ಚಡ್ಡಿ ಕಿತ್ತುಹಾಕಿದ್ದರು! ಪ್ಯಾಂಟಿನ ಮೇಲೆ ಚಡ್ಡಿ ಹಾಕೋನು ಅಂತ ನಾವೆಲ್ಲ ನಕ್ಕಿದ್ದು ನಿಜ, ಹಾಗಂತ ತೆಗೆದೇ ಬಿಡೋದಾ? ಈಗ ಅವನು ಮುಚ್ಚುಕಾಲರಿನ ನೀಲಿ ಕವಚ ಹಾಕಿಕೊಂಡು ಯಾವುದೋ ಸೆಕ್ಯುರಿಟಿ ಏಜೆನ್ಸಿಯವನ ಥರ ಕಾಣುತ್ತಿದ್ದ.

"ಇಷ್ಟೆಲ್ಲ ಬೇಜಾರಿದ್ದರೂ ನೀವ್ಯಾಕೆ ಬಂದ್ರಿ?" ಅಂತ ಕೇಳಿದೆ. ಅವರು ನನ್ನನ್ನು ಒಂಥರಾ ನೋಡಿ, "ಬರದೆ?" ಅಂದರು, ಅಷ್ಟೇ.

ಹನ್ನೆರಡಾಯ್ತು, ಕ್ಯೂ ಮೆಟ್ಟಿಲು ಹತ್ತಿತು. ಒಳಗೆ ಕ್ಯಾಮೆರಾಗಳು, ಸೆಕೆ, ತಲೆಗಳ ಮೇಲಿಂದ ಜಾನ್ಸ್ ಮತ್ತು ಲೀ ಅರ್ಧರ್ಧ ಕಂಡರು. ಸಹಿಗೆ ನಿಂತರೆ ಬೆಳಗಿನ ಒಂಬತ್ತರ ಮೀಟಿಂಗ್ ಗೋವಿಂದ ಅಂತ ಲೆಕ್ಕ ಹಾಕಿ, ಪುಸ್ತಕ ತಗೊಂಡು ಇಳಿದುಬಿಟ್ಟೆ. (ಇವತ್ತಿಗೂ ಆ ಮೀಟಿಂಗಿನಲ್ಲಿ ಏನು ಮಾತಾಡಿದೆವು ಅಂತ ಒಂದಕ್ಷರ ನೆನಪಿಲ್ಲ. ಸಹಿ ಇರಬೇಕಾಗಿದ್ದ ಜಾಗ ಮಾತ್ರ ರಟ್ಟಿನ ಮೇಲೆ ಕಾಣುತ್ತಲೇ ಇರುತ್ತೆ.) ಬೆಲೆ 3.99 ಡಾಲರ್, ಟ್ಯಾಕ್ಸ್ ಸೇರಿ ಆಗಿನ ಲೆಕ್ಕದಲ್ಲಿ ಇನ್ನೂರು ರೂಪಾಯಿ ಹತ್ತಿರ. ಅವೆನ್ಯೂ ರಸ್ತೆಯಲ್ಲಿ ಅಷ್ಟಕ್ಕೆ ಒಂದು ಚೀಲ ತುಂಬಿಸಬಹುದಿತ್ತು.

ವಾಪಸ್ ರೈಲಿನಲ್ಲಿ ಓದಿದೆ. ರಟ್ಟಿನ ಮೇಲೆ ಏಳು ಜನ: ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್, ವಂಡರ್ ವುಮನ್, ಗ್ರೀನ್ ಲ್ಯಾಂಟರ್ನ್, ಫ್ಲ್ಯಾಶ್, ಆಕ್ವಾಮ್ಯಾನ್, ಸೈಬಾರ್ಗ್. ಒಳಗೆ? ಬ್ಯಾಟ್‌ಮ್ಯಾನ್ ಮತ್ತು ಗ್ರೀನ್ ಲ್ಯಾಂಟರ್ನ್. ಕೊನೆಗೆ ಸೂಪರ್‌ಮ್ಯಾನ್ ಬಂದು ಒಂದು ಗುದ್ದು ಕೊಟ್ಟ ಅನ್ನೋದರಲ್ಲಿ 'ಮುಂದುವರಿಯುವುದು'. ಸೈಬಾರ್ಗ್ ಇನ್ನೂ ಸೈಬಾರ್ಗ್ ಆಗಿರಲಿಲ್ಲ, ವಿಕ್ ಅನ್ನೋ ಫುಟ್‌ಬಾಲ್ ಆಡೋ ಹುಡುಗ, ಮ್ಯಾಚಿಗೆ ಅಪ್ಪ ಬರಲಿಲ್ಲ ಅಂತ ಮುಖ ಸಪ್ಪೆ ಮಾಡಿಕೊಂಡಿದ್ದ. ಉಳಿದವರ ಸುಳಿವೇ ಇಲ್ಲ. ತಂಡದ ಕಥೆ ಅಂತ ಮಾರಿ ತಂಡವನ್ನೇ ತೋರಿಸಲಿಲ್ಲವಲ್ಲ, ಮದುವೆಗೆ ಕರೆದು ಚಪ್ಪರ ತೋರಿಸಿ ಕಳಿಸಿದ ಹಾಗೆ.

ಆದರೂ ಒಂದು ಜಾಗದಲ್ಲಿ ನಾನು ಜೋರಾಗಿ ನಕ್ಕೆ, ಎದುರಿನ ಸೀಟಿನವನು ತಲೆ ಎತ್ತಿ ನೋಡಿದ. ಗ್ರೀನ್ ಲ್ಯಾಂಟರ್ನ್ ತನ್ನ ಬಗ್ಗೆ ತಾನೇ ಕೊಚ್ಚಿಕೊಳ್ಳುತ್ತಾ, ನಿನಗೆ ಏನು ಶಕ್ತಿ ಇದೆ ಅಂತ ಬ್ಯಾಟ್‌ಮ್ಯಾನ್‌ನನ್ನು ಕೇಳುತ್ತಿರುತ್ತಾನೆ, ಅಷ್ಟರಲ್ಲಿ ಅವನ ಶಕ್ತಿಯೆಲ್ಲ ಅಡಗಿರೋ ಬೆರಳಿನ ಉಂಗುರ ಬ್ಯಾಟ್‌ಮ್ಯಾನ್ ಕೈಯಲ್ಲಿರುತ್ತೆ. ಮೆಜೆಸ್ಟಿಕ್‌ನಲ್ಲಿ ಜೇಬು ಕತ್ತರಿಸೋವಷ್ಟು ಸಲೀಸಾಗಿ. ಇಬ್ಬರ ಸ್ವಭಾವವೂ ಒಂದೇ ಪುಟದಲ್ಲಿ ಗೊತ್ತಾಯ್ತು, ಹಿಂದಿನ ಎಪ್ಪತ್ತು ವರ್ಷ ಓದದೆ.

ಆ ಪುಸ್ತಕಕ್ಕೆ ಅಂಗಡಿಗಳಿಂದ ಎರಡು ಲಕ್ಷಕ್ಕೂ ಜಾಸ್ತಿ ಆರ್ಡರ್ ಬಂದಿತ್ತು. ಎರಡನೆಯದು ಬಂದದ್ದು ಅಕ್ಟೋಬರಿನಲ್ಲಿ, ಮೂರನೆಯದು ನವೆಂಬರಿನಲ್ಲಿ. ಅಷ್ಟರಲ್ಲಿ ನನ್ನ ಪ್ರಾಜೆಕ್ಟ್ ಮುಗಿಯಿತು. ಡಿಸೆಂಬರ್ ಮೊದಲ ವಾರ ಬೆಂಗಳೂರಿಗೆ ಬಂದೆ, ಮೂರು ಪುಸ್ತಕ ಸೂಟ್‌ಕೇಸಿನಲ್ಲಿ ಶರ್ಟುಗಳ ನಡುವೆ. ಮೂರು ಮುಗಿದರೂ ಆ ಏಳು ಜನ ಒಂದಾಗಿರಲಿಲ್ಲ.

ಅಕ್ಕನ ಮಗನಿಗೆ ಆಗ ಒಂಬತ್ತು. ಒಂದನೆಯದರಿಂದ ಶುರು ಮಾಡು, ನಮಗೆ ಈ ಭಾಗ್ಯ ಇರಲಿಲ್ಲ ಅಂತ ದೊಡ್ಡ ಭಾಷಣ ಬಿಗಿದು ಕೊಟ್ಟೆ. ಒಂದೇ ಸಂಜೆಯಲ್ಲಿ ಮೂರನ್ನೂ ಮುಗಿಸಿ ಅಡುಗೆಮನೆಗೆ ಬಂದ.

"ಮಾಮ, ನಾಲ್ಕನೇದು?"

"ಇಲ್ಲ ಕಣೋ."

"ಮತ್ತೆ ಮುಂದೆ ಏನಾಯ್ತು ಅಂತ ಹೆಂಗೆ ಗೊತ್ತಾಗೋದು?"

ಅಕ್ಕ ಒಗ್ಗರಣೆ ಹಾಕುತ್ತಿದ್ದವಳು ತಿರುಗಿ ನನ್ನ ಮುಖ ನೋಡಿದಳು. ಆಮೇಲೆ ಗ್ಯಾಸ್ ಸಣ್ಣ ಮಾಡಿ, ಅವನ ಕೈಯಿಂದ ಒಂದನೇ ಪುಸ್ತಕ ತಗೊಂಡು ಫುಟ್‌ಬಾಲ್ ಹುಡುಗನ ಪುಟ ತೆಗೆದಳು.

"ಮುಂದಿನ ಮ್ಯಾಚಿಗೆ ಇವನ ಅಪ್ಪ ಬರ್ತಾನೆ," ಅಂದಳು.

"ಸುಳ್ಳು," ಅಂದ ಅವನು, ಆದರೆ ಕಟ್ಟೆ ಮೇಲೆ ಹತ್ತಿ ಕೂತ.