ಬಾಲದ ಗಡಿಯಾರ ರಿಪೇರಿ: ಆರನೇ ವಾರ, ಕೊನೆಗೂ ಸದ್ದು ಬಂತು

ಹೋದ ಸಲ ಗಡಿಯಾರದ ಮಷೀನ್ ಬಿಚ್ಚಿ ಊಟದ ಟೇಬಲ್ ತುಂಬ ಹರಡಿದ್ದ ಫೋಟೋ ಹಾಕಿದ್ನಲ್ಲ, ಅದಾದ್ಮೇಲೆ ಎರಡು ವಾರ ಆಫೀಸ್ ಗಲಾಟೆಲಿ ಮುಟ್ಟೋಕೇ ಆಗ್ಲಿಲ್ಲ, ಮನೇಲಿ ಎಲ್ರೂ ಸೋಫಾ ಮೇಲೆ ತಟ್ಟೆ ಇಟ್ಕೊಂಡು ಊಟ.

ಹೊಸದಾಗಿ ಓದ್ತಿರೋರಿಗೆ: ಇದು ಇಲ್ಲಿ ನೆದರ್ಲೆಂಡ್ಸ್‌ನ ಫ್ರೀಸ್‌ಲ್ಯಾಂಡ್ ಕಡೆಯ ಸ್ಟಾರ್ಟ್‌ಕ್ಲಾಕ್. ಸ್ಟಾರ್ಟ್ ಅಂದ್ರೆ ಡಚ್ ಭಾಷೇಲಿ ಬಾಲ. ಗೋಡೆ ಗಡಿಯಾರನೇ, ಆದ್ರೆ ಪೆಂಡುಲಮ್ ಉದ್ದ ಅಲ್ವಾ, ಅದಕ್ಕೆ ಕೆಳಗೆ ಓಕ್ ಮರದ ಉದ್ದ ಪೆಟ್ಟಿಗೆ ಇಳಿಬಿಟ್ಟಿರ್ತಾರೆ, ಅದೇ ಬಾಲ. 19ನೇ ಶತಮಾನದಲ್ಲಿ ಯೌರೆ ಅನ್ನೋ ಊರಲ್ಲಿ ಇವನ್ನ ಮಾಡೋರು ತುಂಬ ಜನ ಇದ್ರು. (ಡೌವೆ ಎಗ್ಬರ್ಟ್ಸ್ ಕಾಫಿ ಶುರುವಾಗಿದ್ದೂ ಅದೇ ಊರಲ್ಲಿ, 1753ರಲ್ಲಿ. ಚಿಕ್ಕಮಗಳೂರಿನವನ ಹತ್ರ ಆ ಕಾಫಿ ಬಗ್ಗೆ ಅಭಿಪ್ರಾಯ ಕೇಳ್ಬೇಡಿ.)

ಕ್ಲೀನಿಂಗ್ ಮುಗೀತು. ಮುಂಚೆ ಯಾರೋ ಪುಣ್ಯಾತ್ಮ ಹಲ್ಲುಚಕ್ರಕ್ಕೆಲ್ಲ ಎಣ್ಣೆ ಸುರಿದಿದ್ದಾನೆ, ಅದು ಧೂಳು ಹಿಡಿದು ಹಿತ್ತಾಳೆನ ಮರಳುಕಾಗದ ತರ ಉಜ್ಜುತ್ತೆ. ಎಣ್ಣೆ ಬೇಕಿರೋದು ಚಕ್ರಗಳ ಅಚ್ಚಿನ ತುದಿಗೆ ಮತ್ತೆ ಆಂಕರ್‌ಗೆ (ಪೆಂಡುಲಮ್ ಜೊತೆ ಆಡ್ತಾ ಚಕ್ರದ ಒಂದೊಂದೇ ಹಲ್ಲು ಬಿಡೋ ಕೊಕ್ಕೆ), ಅದೂ ಸೂಜಿ ಮೊನೆಯಷ್ಟು. ಬಿದಿರು ಕಡ್ಡಿ ಚೂಪು ಮಾಡಿ ಪ್ರತಿ ತೂತಲ್ಲೂ ತಿರುಗಿಸ್ತಾ ಹೋದೆ, ಕಡ್ಡಿ ಕಪ್ಪಾಗದೆ ಹೊರಗೆ ಬರೋವರೆಗೆ. ಎರಡು ತೂತು ಸವೆದು ಮೊಟ್ಟೆಯಾಕಾರ ಆಗಿವೆ, ಬುಷ್ (ತೂತಿಗೆ ಕೂರಿಸೋ ಚಿಕ್ಕ ಬಳೆ) ಹಾಕಿಸ್ಬೇಕು, ಸದ್ಯಕ್ಕೆ ಓಡುತ್ತೆ ಅಂತ ಬಿಟ್ಟಿದ್ದೀನಿ.

ನನ್ನ ನಿದ್ದೆ ಕೆಡಿಸಿದ್ದು ಚೈನ್. ಇದರಲ್ಲಿ ಟೈಮ್ ನಡೆಸೋಕೂ ಗಂಟೆ ಹೊಡೆಯೋಕೂ ಒಂದೇ ತೂಕ. ತುದಿ ಇಲ್ಲದ ಒಂದೇ ಚೈನು ಎರಡು ರಾಟೆ ಮೇಲಿಂದ ಹಾದು ಎರಡು ಕಡೆ ಜೋತುಬೀಳುತ್ತೆ, ಒಂದು ಜೋಲಿಯಲ್ಲಿ ದೊಡ್ಡ ತೂಕ, ಇನ್ನೊಂದರಲ್ಲಿ ಸುಮ್ನೆ ಬಿಗಿಯಾಗಿರ್ಲಿ ಅಂತ ಚಿಕ್ಕ ಸೀಸದ ಬಳೆ. ಬಾವಿಯಿಂದ ನೀರು ಸೇದಿದ ಹಾಗೆ ಎಳೆದ್ರೆ ತೂಕ ಮೇಲೆ ಬರುತ್ತೆ, ಎಳೀತಿರುವಾಗ್ಲೂ ಗಡಿಯಾರ ನಿಲ್ಲಲ್ಲ! 1656ರಲ್ಲಿ ಪೆಂಡುಲಮ್ ಗಡಿಯಾರ ಕಂಡುಹಿಡಿದ ಡಚ್ ವಿಜ್ಞಾನಿ ಹೈಗೆನ್ಸ್ ಅವರದ್ದೇ ಐಡಿಯಾ ಇದು.

ಹಳೇ ಕೊಂಡಿಗಳು ಬಾಯಿಬಿಟ್ಟಿದ್ವು ಅಂತ ಆನ್‌ಲೈನಲ್ಲಿ ಹೊಸ ಚೈನ್ ತರಿಸಿ ಹಾಕ್ದೆ. ಕಣ್ಣಿಗೆ ಒಂದೇ ತರ. ರಾತ್ರಿ ಎರಡು ಗಂಟೆಗೆ ಚೈನ್ ರಾಟೆಯ ಮುಳ್ಳುಗಳ ಮೇಲಿಂದ ಜಾರಿ ತೂಕ ಮರದ ನೆಲಕ್ಕೆ ಧಡ್ ಅಂತ ಬಿತ್ತು, ಕೆಳಗಿನ ಮನೆಯವರು ಲೈಟ್ ಹಾಕಿದ್ದು ಕಿಟಕಿಯಿಂದ ಕಾಣಿಸ್ತು. ಬೆಳಿಗ್ಗೆ ಪಕ್ಕಪಕ್ಕ ಇಟ್ಟು ಎಣಿಸಿದ್ರೆ ಒಂದಡಿಗೆ ಎರಡು ಕೊಂಡಿ ವ್ಯತ್ಯಾಸ. ಸರಿಯಾದ್ದು ತರಿಸಿ ಜೋಡಿಸ್ದೆ, ಅರ್ಧ ಸುತ್ತು ತಿರುಚಿಕೊಂಡಿದ್ದು ನೋಡ್ಲೇ ಇಲ್ಲ, ಅದೂ ಸಿಕ್ಕಾಕ್ಕೊಳ್ತು. ಮೂರನೇ ಸಲ ಸರಿಹೋಯ್ತು.

ಆಮೇಲೆ ಟಿಕ್‌... ಟಾಕ್‌ಟಿಕ್‌... ಟಾಕ್ ಅಂತ ಕುಂಟ್ತಿತ್ತು, ಹತ್ತು ನಿಮಿಷಕ್ಕೆ ನಿಲ್ಲೋದು. ಪೆಂಡುಲಮ್‌ನ ತಳ್ಳೋ ತಂತಿನ ಒಂಚೂರು ಬಗ್ಗಿಸಿ, ಕಣ್ಣು ಮುಚ್ಚಿ ಕೇಳಿ, ಮತ್ತೆ ಬಗ್ಗಿಸಿ, ಸಮ ಆಯ್ತು. ಈಗ ದಿನಕ್ಕೆ ಒಂದೂವರೆ ನಿಮಿಷ ಮುಂದೆ ಓಡ್ತಿದೆ. ಪೆಂಡುಲಮ್ ಹತ್ರಹತ್ರ ಒಂದು ಮೀಟರ್ ಇರೋದ್ರಿಂದ ಗುಂಡು 1 ಮಿಲಿಮೀಟರ್ ಇಳಿಸಿದ್ರೆ ದಿನಕ್ಕೆ ಸುಮಾರು 43 ಸೆಕೆಂಡ್ ನಿಧಾನ ಆಗುತ್ತೆ, ಅಂದ್ರೆ 2 ಮಿಲಿಮೀಟರ್ ಇಳಿಸ್ಬೇಕು.

ಬಾಕಿ ಇರೋದು: ಗಡಿಯಾರದ ಮೇಲಿನ ಅಟ್ಲಾಸ್ (ಗ್ರೀಕ್ ಪುರಾಣದ ದೈತ್ಯ) ಬೊಂಬೆ ಹೆಗಲ ಮೇಲೆ ಹೊರೋ ಗೋಳ ಇಲ್ಲ, ಪಕ್ಕದ ದೇವತೆ ಕೈಲಿ ತುತ್ತೂರಿ ಮುರಿದಿದೆ. ಡಯಲ್ ಪೇಂಟ್‌ಗೆ ನೀರು ತಾಕಿಸಲ್ಲ, ಒಣ ಬ್ರಷ್ ಅಷ್ಟೇ.

ಇನ್ನೊಂದು ಮಾತು. ಡಚ್ ಗಡಿಯಾರಗಳು ಅರ್ಧ ಗಂಟೆಗೂ ಪೂರ್ತಿ ಹೊಡೀತವೆ, ಮುಂದೆ ಬರೋ ಗಂಟೆನ, ಬೇರೆ ಸಣ್ಣ ದನಿಯ ಗಂಟೇಲಿ. ಹನ್ನೊಂದೂವರೆಗೆ ಹನ್ನೆರಡು ಸಲ. ಊರಿಂದ ಬಂದಿರೋ ಅಮ್ಮ ಶುಕ್ರವಾರ ರಾಹುಕಾಲ ಮುಗೀಲಿ ಅಂತ ಕಾಯ್ತಿದ್ರು, ಹನ್ನೆರಡು ಎಣಿಸಿ ಚಪ್ಪಲಿ ಮೆಟ್ಕೊಂಡು ಹೊರಟೇಬಿಟ್ರು. ವಾಪಸ್ ಬಂದು ಮೊಬೈಲ್ ನೋಡಿದವರು ನನ್ನ ಹತ್ರ ಸಂಜೆವರೆಗೆ ಮಾತಾಡ್ಲಿಲ್ಲ.